ಹತ್ತೊಂಬತ್ತು ಮನೆಗಳಲ್ಲಿ ಬಂದ ಕೆಂಪು ಪೆಟ್ಟಿಗೆ

ಮೂವತ್ತೊಂದನೆಯ ವಯಸ್ಸಿಗೆ ನಿವೃತ್ತಿ ಎಂದರೆ ನಮ್ಮ ಮನೆಯಲ್ಲೇ ನಗುತ್ತಾರೆ. ಆದರೆ ಎಂಟು ವರ್ಷ ಒಂದೇ ಕೆಲಸ ಮಾಡಿ, ಅದನ್ನು ಬಿಟ್ಟು, ಇನ್ನು ಮರಳುವುದಿಲ್ಲ ಎಂದು ತೀರ್ಮಾನಿಸಿದವಳನ್ನು ಬೇರೆ ಏನೆಂದು ಕರೆಯಬೇಕೋ ನನಗೆ ತಿಳಿಯದು. ಕೋಲಾರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಕೆಲಸ ಮನೆಗಳಿಗೆ ಹೋಗಿ ರಿಪೇರಿ ಮಾಡುವುದಾಗಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ಕಡೆಯ ಬಸ್ಸುಗಳ ವೇಳೆ ನನಗೆ ಈಗಲೂ ಬಾಯಿಪಾಠ.

ನನ್ನ ಜಾಗಕ್ಕೆ ಇಬ್ಬರು ಹೊಸಬರು ಬಂದಿದ್ದಾರೆ. ಬ್ಯಾಗು ಒಪ್ಪಿಸಿದ ದಿನ ಅವರಲ್ಲೊಬ್ಬಳು ಕೇಳಿದಳು: “ಅಕ್ಕಾ, ಫ್ರೀ ಆಂಟಿವೈರಸ್‌ಗಳಲ್ಲಿ ಯಾವ್ದು ಹಾಕಿದ್ರೆ ಒಳ್ಳೇದು?” ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಳಿ ಹನ್ನೊಂದು ನೋಟ್‌ಬುಕ್‌ಗಳಿವೆ. ಅಂಗಡಿಯಿಂದ ಯಾರೇ ಹೋದರೂ ಪ್ರತಿ ಮನೆಗೂ ಒಂದು ಸಾಲು: ತಾರೀಖು, ಊರು, ಮನೆಯವರ ಹೆಸರು, ಹೋದವರ ಹೆಸರು, ಕಂಡ ತೊಂದರೆ, ಮಾಡಿದ ಕೆಲಸ. ತಿಂಗಳ ಕೊನೆಗೆ ಅಡಿಗೆರೆ ಎಳೆದು ಒಟ್ಟು ಹಾಕುತ್ತಿದ್ದೆ. ಯಾರೂ ಕೇಳಿದ್ದಲ್ಲ, ನನ್ನ ಸ್ವಭಾವ. ಅಂಗಡಿಯ ಹಿರಿಯ ಟೆಕ್ನಿಷಿಯನ್ ನಾರಾಯಣಸ್ವಾಮಿ ಅದನ್ನು ನೋಡಿ ಮೊದಲ ವಾರವೇ ನನಗೆ ಊರಿನ ಲೆಕ್ಕ ಬರೆಯುವ ಪಟ್ವಾರಿಯ ಹೆಸರಿಟ್ಟಿದ್ದರು. “ಏನಮ್ಮಾ ಪಟ್ವಾರಿ, ಇವತ್ತು ಎಷ್ಟು ಮನೆ ಸರ್ವೆ ಆಯ್ತು?”

ಅವರನ್ನು ಎಲ್ಲರೂ ಸ್ವಾಮಣ್ಣ ಎನ್ನುತ್ತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು, ಮದುವೆಯಾಗಿರಲಿಲ್ಲ, ಮುಳಬಾಗಿಲ ಕಡೆಯವರು. ಕೆಲಸ ಕಲಿಸಿದವರು ಅವರೇ. ಸ್ಕ್ರೂ ಬಿಚ್ಚುವುದಕ್ಕಿಂತ ಮೊದಲು ಮನೆಯವರು ಕೊಟ್ಟ ನೀರು ಕುಡಿಯಬೇಕು ಎನ್ನುವುದರಿಂದ ಹಿಡಿದು ಎಲ್ಲವನ್ನೂ.

ಅವರೊಂದಿಗೆ ಹೋದ ಮೊದಲ ಮನೆಗಳಲ್ಲಿ ಒಂದು ಲಕ್ಕೂರಿನದು. ಯಜಮಾನರು ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಕಂಪ್ಯೂಟರಿನ ಬಟನ್ ಒತ್ತಿದರೆ ತೆರೆದುಕೊಳ್ಳಲು ಇಪ್ಪತ್ತು ನಿಮಿಷ. ಯಜಮಾನಿ ಹೇಳಿದರು, “ಬಟನ್ ಒತ್ತಿ ಮುದ್ದೆಗೆ ಎಸರಿಟ್ಟು ಬರ್ತೀನಿ ಕಣಮ್ಮಾ. ಮುದ್ದೆ ಕಟ್ಟಿದ್ರೂ ಇದು ಎದ್ದಿರಲ್ಲ.” ಒಳಗೆ ನೋಡಿದರೆ ಮೂರು ಆಂಟಿವೈರಸ್. ಅಪ್ಪ ಒಂದು ಹಾಕಿದ್ದಾರೆ, ಚಿಕ್ಕಪ್ಪ ಒಂದು, ಮಗಳು ಒಂದು, ಒಬ್ಬರಿಗೊಬ್ಬರು ಹೇಳಿಲ್ಲ. ಒಂದು ಕಡತವನ್ನು ಒಂದು ತೆರೆದು ನೋಡಿದರೆ, ಇವನು ಯಾಕೆ ತೆರೆದ ಎಂದು ಎರಡನೆಯದು ನೋಡುತ್ತದೆ, ಆ ಎರಡನ್ನೂ ಮೂರನೆಯದು ನೋಡುತ್ತದೆ.

ಯಜಮಾನರು ಒಪ್ಪಲಿಲ್ಲ. “ಫ್ರೀ ತಾನೆ ಸ್ವಾಮಿ? ಮೂರಿದ್ರೆ ಮೂರು ಪಟ್ಟು ಭದ್ರ ಅಲ್ವಾ?”

“ನಿಮ್ಮ ಫ್ಯಾಕ್ಟ್ರಿ ಗೇಟಲ್ಲಿ ಮೂರು ಜನ ಸೆಕ್ಯೂರಿಟಿ ನಿಂತು ಒಬ್ಬರ ಜೇಬು ಒಬ್ಬರು ಚೆಕ್ ಮಾಡ್ತಾ ಕೂತ್ರೆ ಶಿಫ್ಟಿಗೆ ನೀವು ಒಳಗೆ ಹೋಗೋದು ಯಾವಾಗ?” ಎಂದರು ಸ್ವಾಮಣ್ಣ. ಮೂರನ್ನೂ ತೆಗೆದು, ಕಂಪ್ಯೂಟರಿನ ಜೊತೆಗೇ ಬಂದಿರುವ ರಕ್ಷಣೆಯನ್ನು ಚಾಲೂ ಮಾಡಿ, ಅಪ್‌ಡೇಟ್ ನಿಲ್ಲಿಸಬೇಡಿ ಎಂದು ಹೇಳಿ ಎದ್ದರು. ಏಳುವ ಮುನ್ನ ತಮ್ಮ ಪೆನ್‌ಡ್ರೈವ್ ಹಾಕಿ ಇನ್ನೇನೋ ಒಂದನ್ನು ಸೇರಿಸಿದರು. ಎಲ್ಲ ಮನೆಯಲ್ಲೂ ಅವರದು ಅದೇ ರೂಢಿ. ನಾನು ಕೇಳಲಿಲ್ಲ. ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಮ್ಮ ಕಡೆಯ ಗಿರಾಕಿಗಳಿಗೆ ಒಂದು ಅಭ್ಯಾಸವಿದೆ. ಕೆಲಸ ಮುಗಿದ ಮೇಲೆ ಏನು ಕೆಟ್ಟಿತ್ತು ಎಂದು ಕೇಳುವುದಿಲ್ಲ. “ಎಷ್ಟು ಸಿಕ್ತು?” ಎಂದು ಕೇಳುತ್ತಾರೆ. ಹಲ್ಲಿನ ಡಾಕ್ಟರ್ ಕಿತ್ತ ಹಲ್ಲನ್ನು ತಟ್ಟೆಯಲ್ಲಿಟ್ಟು ತೋರಿಸಿದ ಹಾಗೆ ನಾವು ವೈರಸ್ಸಿನ ಸಂಖ್ಯೆ ತೋರಿಸಬೇಕು. ಸ್ವಾಮಣ್ಣ ಹಾಕಿದ ರಕ್ಷಣೆ ಬಹಳ ಸಲ ಸೊನ್ನೆ ತೋರಿಸುತ್ತಿತ್ತು. ಸೊನ್ನೆ ಎಂದರೆ ಗಿರಾಕಿಗಳ ಮುಖ ಸಪ್ಪಗಾಗುತ್ತಿತ್ತು. “ಅಷ್ಟು ದೂರದಿಂದ ಬಂದು ಏನೂ ಹಿಡೀಲಿಲ್ವಾ?”

ಅಂಗಡಿಯ ಮಾಲೀಕರು ಗೋಪಿ ಸರ್. ಅವರಿಗೂ ಇದು ಚಿಂತೆಯಾಗಿತ್ತು. ನಾನು ಒಂದು ಪರೀಕ್ಷೆ ಮಾಡುವುದಾಗಿ ಹೇಳಿದೆ. ಅಂಗಡಿಯ ಹಳೆಯ ಯಂತ್ರದಲ್ಲಿ, ರಿಪೇರಿಗೆ ಬಂದ ಪೆನ್‌ಡ್ರೈವ್‌ಗಳ ಕಡತಗಳನ್ನು ತುಂಬಿ, ಮೂರು ಉಚಿತ ಆಂಟಿವೈರಸ್‌ಗಳನ್ನು ಒಂದಾದ ಮೇಲೊಂದು ಓಡಿಸಿದೆ. ನೋಟ್‌ಬುಕ್ಕಿನಲ್ಲಿ ಅವಕ್ಕೆ ಒಂದು, ಎರಡು, ಮೂರು ಎಂದೇ ಹೆಸರು. ಇಲ್ಲಿಯೂ ಹಾಗೇ ಇರಲಿ. ಒಂದನೆಯದು ಹನ್ನೆರಡು ಹಿಡಿಯಿತು. ಎರಡನೆಯದು ಹದಿನಾಲ್ಕು. ಮೂರನೆಯದು ಅರವತ್ತೊಂದು. ಅರವತ್ತೊಂದರ ಸುತ್ತ ಪೆನ್ನಿನಿಂದ ಎರಡು ಸುತ್ತು ಹಾಕಿದ್ದೇನೆ. ಆ ಅರವತ್ತೊಂದು ಯಾವುವು ಎಂದು ಒಂದು ಸಾಲೂ ಬರೆದಿಲ್ಲ.

ಸ್ವಾಮಣ್ಣ ಪುಟ ನೋಡಿ ನಕ್ಕರು. “ನಮ್ಮ ಮನೇಲಿ ಒಂದು ನಾಯಿ ಇತ್ತಮ್ಮಾ. ಎಲೆ ಬಿದ್ರೂ ಬೊಗಳ್ತಿತ್ತು. ನಮ್ಮಪ್ಪಂಗೆ ಭಾರಿ ಹೆಮ್ಮೆ. ಕೊನೆಗೆ ಹಾಲು ಹಾಕೋಳು ನಮ್ಮ ಮನೆಗೆ ಬರೋದೇ ಬಿಟ್ಟುಬಿಟ್ಳು.”

“ಹಾಗಂತ ಬೊಗಳದೇ ಇರೋ ನಾಯಿ ಸಾಕ್ಬೇಕಾ ಅಣ್ಣಾ?” ಎಂದೆ. ಗೋಪಿ ಸರ್ ನನ್ನ ಕಡೆ ಆದರು. ಮರುದಿನದಿಂದ ಎಲ್ಲ ಮನೆಗೂ ಮೂರನೆಯದೇ.

ಹೊಸಬರು ಇಲ್ಲಿ ಒಂದು ಮಾತು ಗುರುತು ಹಾಕಿಕೊಳ್ಳಿ. ಆಂಟಿವೈರಸ್ ಎಷ್ಟು ಹಿಡಿಯಿತು ಎಂಬುದು ಅರ್ಧ ಪರೀಕ್ಷೆ. ಹಿಡಿಯಬಾರದ್ದನ್ನು ಎಷ್ಟು ಹಿಡಿಯಿತು ಎಂಬುದು ಉಳಿದರ್ಧ. ನಾನು ಅರ್ಧ ಪರೀಕ್ಷೆ ಮಾಡಿ ಪೂರ್ತಿ ಅಂಕ ಕೊಟ್ಟಿದ್ದೆ.

ಕೆಂಪು ಪೆಟ್ಟಿಗೆ ಮೊದಲು ಬಂದದ್ದು ಶ್ರೀನಿವಾಸಪುರದ ಆಚೆ ಯಲ್ದೂರಿನಲ್ಲಿ, ವೆಂಕಟಲಕ್ಷ್ಮಮ್ಮನವರ ಮನೆಯಲ್ಲಿ. ನಿವೃತ್ತ ಕನ್ನಡ ಟೀಚರ್. ಊರಿಗೆಲ್ಲ ಟೀಚರಮ್ಮ. ಮಾವಿನ ತೋಟದ ಅಂಚಿನ ಮನೆ. ಕಂಪ್ಯೂಟರಿನಲ್ಲಿ ಪೆನ್ಷನ್ ನೋಡಿಕೊಳ್ಳುತ್ತಿದ್ದರು, ಶಾಲೆಯ ಮಕ್ಕಳಿಗೆಂದು ಸಣ್ಣ ಸಣ್ಣ ಕಥೆ ಬರೆಯುತ್ತಿದ್ದರು. ಮೂರನೆಯದನ್ನು ಹಾಕಿ ಓಡಿಸಿದೆ. ಅರ್ಧ ಪರದೆ ತುಂಬ ಕೆಂಪು ಪೆಟ್ಟಿಗೆ ಬಂತು. ಇಂಗ್ಲಿಷಿನಲ್ಲಿದ್ದದ್ದನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ: ಇಲ್ಲಿ ಗೂಢಚಾರ ತಂತ್ರಾಂಶವಿದೆ, ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಗಮನಿಸುತ್ತಿದೆ, ಅಪಾಯ ತೀವ್ರ.

ಟೀಚರಮ್ಮ ಕನ್ನಡಕ ತೆಗೆದರು. “ಬ್ಯಾಂಕಿನ ಪಾಸ್‌ವರ್ಡೂನಾ?”

“ಒತ್ತಿದ್ದೆಲ್ಲಾ ಅಮ್ಮಾ.”

“ಯಾರು ಹಾಕಿರ್ತಾರೆ ಇದನ್ನ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬೇಕಿತ್ತು. ಕೇಳಿದೆ: “ನಮ್ಮ ಸ್ವಾಮಣ್ಣ ಬಿಟ್ರೆ ಈ ಕಂಪ್ಯೂಟರ್ ಬೇರೆ ಯಾರಾದ್ರೂ ಮುಟ್ಟಿದ್ದಾರಾ ಅಮ್ಮಾ?”

“ಅವನೊಬ್ಬನೇ,” ಎಂದರು. ಕನ್ನಡಕ ಒರೆಸುತ್ತಾ, “ಬಂದಾಗೆಲ್ಲಾ ಊಟ ಮಾಡ್ಕೊಂಡೇ ಹೋಗೋನು,” ಎಂದರು.

ಮುಂದಿನ ಎರಡು ತಿಂಗಳಲ್ಲಿ ಅದೇ ಪೆಟ್ಟಿಗೆ, ಅದೇ ಹೆಸರು, ಒಟ್ಟು ಹತ್ತೊಂಬತ್ತು ಮನೆಗಳಲ್ಲಿ ಬಂತು. ಪ್ರತಿ ಸಲವೂ “ತೆಗೆದುಹಾಕು” ಒತ್ತಿದೆ. ಒಂದು ಭಾನುವಾರ ಹಳೆಯ ನೋಟ್‌ಬುಕ್‌ಗಳನ್ನು ಹರಡಿಕೊಂಡು ಕೂತು, ಆ ಮನೆಗಳಿಗೆ ಹಿಂದೆ ಹೋದವರು ಯಾರು ಎಂದು ನೋಡಿದೆ. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಸ್ವಾಮಣ್ಣ. ಅವರು ಹೋಗದ ಮನೆಗಳನ್ನೂ ನೋಡಿದೆ. ಒಂದರಲ್ಲೂ ಆ ಹೆಸರಿಲ್ಲ. ಕೆಲಸ ಕಲಿಸಿದ ಮನುಷ್ಯ ಊಟ ಹಾಕಿದ ಮನೆಗಳಲ್ಲಿ ಹೀಗೆ ಮಾಡಬಹುದೇ ಎಂದು ತಾಸುಗಟ್ಟಲೆ ಗೋಡೆ ನೋಡುತ್ತಾ ಕೂತೆ. ಸೋಮವಾರ ಆ ಪುಟವನ್ನು ಗೋಪಿ ಸರ್ ಮುಂದಿಟ್ಟೆ.

ಅವರು ಸ್ವಾಮಣ್ಣನನ್ನು ಕರೆದು ಬಾಗಿಲು ಹಾಕಿದರು. ನನ್ನನ್ನೂ ಅಲ್ಲೇ ನಿಲ್ಲಿಸಿಕೊಂಡರು.

“ಈ ಮನೆಗಳಲ್ಲಿ ಏನೇನು ಹಾಕಿದ್ದೀಯಾ? ನಿಜ ಹೇಳು.”

ಸ್ವಾಮಣ್ಣ ಪಟ್ಟಿ ನೋಡಿದರು. “ಮಾಮೂಲಿ ಸಾರ್. ಪ್ರಿಂಟರು, ಬ್ಯಾಕಪ್ಪು, ಕನ್ನಡ, ವಿಡಿಯೊ ನೋಡೋದು…”

“ಅದಲ್ಲ ಕಣೋ. ಕದ್ದು ನೋಡೋದು ಯಾವ್ದು ಹಾಕಿದ್ದೀಯಾ?”

ಸ್ವಾಮಣ್ಣ ನನ್ನ ಕಡೆ ತಿರುಗಿದರು. “ನೀನು ಹೇಳಿದ್ದಾ?”

ನಾನು ನೋಟ್‌ಬುಕ್ ನೋಡುತ್ತಾ ನಿಂತಿದ್ದೆ. ಅವರು ಹೇಳಿದ ನಾಲ್ಕನ್ನೂ ಬರೆದುಕೊಂಡಿದ್ದೆ.

“ನಾಳೆಯಿಂದ ಬರ್ಬೇಡ. ಪೊಲೀಸಿಗೆ ಕೊಡಲ್ಲ, ಅಷ್ಟು ಮಾಡ್ತೀನಿ,” ಎಂದರು ಗೋಪಿ ಸರ್. ಸ್ವಾಮಣ್ಣ ಬ್ಯಾಗನ್ನು ಮೇಜಿನ ಮೇಲಿಟ್ಟು, ಪೆನ್‌ಡ್ರೈವನ್ನು ಅದರ ಪಕ್ಕ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ವಾದ ಮಾಡಲಿಲ್ಲ. ಅದನ್ನೂ ನಾನು ಸಾಕ್ಷಿ ಎಂದುಕೊಂಡೆ.

ಆಮೇಲೆ ಎರಡು ವರ್ಷ ನಾನೇ ಹಿರಿಯಳು. ಏನೇನೋ ಕಂಡೆ. ಮುಳಬಾಗಿಲಿನ ಒಂದು ಮನೆಯಲ್ಲಿ, ಉಚಿತ ಆಂಟಿವೈರಸ್ ಬೇಕೆಂದು ಹುಡುಕಿದವರು ಮೊದಲು ಕಂಡ ಹಸಿರು ಗುಂಡಿ ಒತ್ತಿದ್ದರು. ಅದು ಜಾಹೀರಾತಿನ ಗುಂಡಿ. ಒಳಗೆ ಬಂದದ್ದು ಆಂಟಿವೈರಸ್ ವೇಷದ ಬೇರೇನೋ. ನಾನು ಹೋದಾಗ ಯಜಮಾನರು ಕೈಕಟ್ಟಿ ದೂರ ನಿಂತಿದ್ದರು, ಪರದೆಯ ಮೇಲೆ ಮೌಸಿನ ಬಾಣ ತಾನಾಗಿಯೇ ಓಡಾಡುತ್ತಿತ್ತು. ಇಂಟರ್ನೆಟ್ ವೈರು ಕಿತ್ತೆ. ಅಂದಿನಿಂದ, ತಯಾರಿಸಿದವರ ಸ್ವಂತ ತಾಣದಿಂದ ಬಿಟ್ಟು ಬೇರೆಲ್ಲಿಂದಲೂ ಇಳಿಸಬಾರದು ಎಂದು ಮನೆ ಮನೆಯಲ್ಲೂ ಹೇಳಿದೆ. ಉಚಿತ ಎಂದವರು ಜೊತೆಗೆ ಇನ್ನೇನು ಸೇರಿಸುತ್ತಾರೆ ಎಂದು ಪ್ರತಿ ಪುಟದಲ್ಲೂ ಓದಿ, ಬೇಡದ ಟಿಕ್ಕು ತೆಗೆಯಬೇಕು ಎಂದೂ ಹೇಳಿದೆ. ಒಳ್ಳೆಯ ಮಾತುಗಳೇ.

ಇದೇ ಕಾಲದಲ್ಲಿ ಕೆಲವು ಮನೆಗಳಿಂದ ಫೋನು ಬರುತ್ತಿತ್ತು. “ಕನ್ನಡ ಟೈಪ್ ಆಗ್ತಿಲ್ಲ ಕಣಮ್ಮಾ, ಬರೀ ಇಂಗ್ಲಿಷ್ ಅಕ್ಷರ ಬೀಳುತ್ತೆ.” ಗೂಢಚಾರ ತಂತ್ರಾಂಶ ಹೋಗುವಾಗ ಅದನ್ನೂ ಕೆಡಿಸಿ ಹೋಗಿದೆ, ಫೋನಿನಲ್ಲಿ ಬರೆಯಿರಿ, ಎನ್ನುತ್ತಿದ್ದೆ. ದೂರುಗಳ ಪುಟದಲ್ಲಿ ಅಂಥವು ಹನ್ನೆರಡು ಇವೆ. ಕೆಂಪು ಪೆಟ್ಟಿಗೆಯ ಪುಟ ಅದೇ ನೋಟ್‌ಬುಕ್ಕಿನಲ್ಲಿ ಆರು ಹಾಳೆ ಹಿಂದೆ ಇತ್ತು. ಎರಡನ್ನೂ ಒಟ್ಟಿಗೆ ತೆರೆದು ನೋಡಿರಲಿಲ್ಲ.

ಹೋದ ಜುಲೈ ತಿಂಗಳ ಒಂದು ಮಂಗಳವಾರ ಲಕ್ಕೂರಿನ ಅದೇ ಮನೆಯಿಂದ ಕರೆ ಬಂತು. ಮಗಳು ಈಗ ಕಾಲೇಜು. ಹೊಸ ಕಂಪ್ಯೂಟರ್ ತಂದಿದ್ದರು. ಅದರ ರಟ್ಟಿನ ಪೆಟ್ಟಿಗೆ ಒಡೆದವಳೇ ನಾನು. ಮೂರನೆಯದನ್ನು ಹಾಕಿದೆ. ಸೊನ್ನೆ ತೋರಿಸಿತು, ಹೊಸ ಯಂತ್ರವಲ್ಲವೇ. ಹುಡುಗಿ ಹೇಳಿದಳು, “ಅಕ್ಕಾ, ಕನ್ನಡದಲ್ಲಿ ಅಸೈನ್‌ಮೆಂಟ್ ಬರೀಬೇಕು. ಮುಂಚೆ ಸ್ವಾಮಣ್ಣ ಹಾಕ್ಕೊಟ್ಟಿದ್ರಲ್ಲಾ, ಆ ಕೀಬೋರ್ಡೇ ನಂಗೆ ರೂಢಿ. ಅದನ್ನೇ ಹಾಕ್ಕೊಡಿ.”

ಅದರ ಹೆಸರು ಅವಳೇ ಹೇಳಿದಳು. ತಯಾರಿಸಿದವರ ಸ್ವಂತ ತಾಣಕ್ಕೆ ಹೋಗಿ, ನನ್ನ ಕೈಯಾರೆ ಇಳಿಸಿ, ತೆರೆದೆ.

ಕೆಂಪು ಪೆಟ್ಟಿಗೆ ಬಂತು. ಅದೇ ಹೆಸರು. ಪ್ರತಿಯೊಂದು ಕೀಲಿಯನ್ನೂ ಗಮನಿಸುತ್ತಿದೆ, ಅಪಾಯ ತೀವ್ರ.

ಆ ಸಾಲನ್ನು ಮತ್ತೊಮ್ಮೆ ಓದಿದೆ. ಗಮನಿಸದೆ ಇನ್ನೇನು ಮಾಡುತ್ತದೆ? ಕೀಲಿಮಣೆಯಲ್ಲಿರುವುದು ಇಂಗ್ಲಿಷ್ ಅಕ್ಷರ. ನಾವು ಒತ್ತಿದ ಒಂದೊಂದು ಕೀಲಿಯನ್ನೂ ನಡುವೆಯೇ ಹಿಡಿದು, ಅದಕ್ಕೆ ಬದಲಾಗಿ ಕನ್ನಡದ ಅಕ್ಷರ ಕೂರಿಸುವುದೇ ಅದರ ಕೆಲಸ. ಮೂರನೆಯದಕ್ಕೆ ಕನ್ನಡ ಗೊತ್ತಿಲ್ಲ. ಕೀಲಿ ನೋಡುವವರೆಲ್ಲ ಅದಕ್ಕೆ ಕಳ್ಳರು. ಹುಡುಗಿ “ಏನಾಯ್ತಕ್ಕಾ?” ಎನ್ನುತ್ತಿದ್ದಳು. ಬ್ಯಾಗಿನಿಂದ, ದೂರುಗಳನ್ನು ಇನ್ನೂ ಅದರಲ್ಲೇ ಬರೆಯುತ್ತಿದ್ದ, ಹಳೆಯ ನೋಟ್‌ಬುಕ್ ತೆಗೆದೆ. ಸ್ವಾಮಣ್ಣ ಹೋದ ದಿನದ ಸಾಲು ಸಿಕ್ಕಿತು. ನನ್ನದೇ ಕೈಬರಹ: ಪ್ರಿಂಟರು, ಬ್ಯಾಕಪ್ಪು, ಕನ್ನಡ, ವಿಡಿಯೊ. ಅವರು ಅವತ್ತೇ ಹೇಳಿದ್ದರು. ನಾನು ಅವತ್ತೇ ಬರೆದುಕೊಂಡಿದ್ದೆ.

ಅಂಗಡಿಗೆ ಮರಳಿ ಹೇಳಿದ್ದನ್ನು ಗೋಪಿ ಸರ್ ಪೂರ್ತಿ ಕೇಳಿದರು. “ಆಗಿದ್ದು ಆಗೋಯ್ತು ಭಾಗ್ಯ. ಅವನು ಎಲ್ಲೋ ಚೆನ್ನಾಗಿರ್ತಾನೆ. ಈಗ ಮನೆ ಮನೆಗೆ ಹೋಗಿ ನಾವೇ ತಪ್ಪು ಮಾಡಿದ್ವಿ ಅಂದ್ರೆ ನಾಳೆ ಯಾರು ಕರೀತಾರೆ?”

“ನಾನು ಹೋಗ್ತೀನಿ ಸಾರ್.”

“ಹೋಗೋದಾದ್ರೆ ಅಂಗಡಿ ಹೆಸರು ಎತ್ತಬೇಡ. ಭಾನುವಾರ ಹೋಗು.”

ಮೊದಲ ಭಾನುವಾರ ನಂಗಲಿಗೆ ಹೋದೆ. ಹೆದ್ದಾರಿ ಬದಿಯಲ್ಲಿ ಲಾರಿಗಳಿಗೆ ಟಾರ್ಪಾಲು, ಹಗ್ಗ ಮಾರುವ ಅಂಗಡಿ, ಸ್ವಾಮಣ್ಣನವರ ಭಾವನದು. ಸ್ವಾಮಣ್ಣ ಹಗ್ಗ ಅಳೆಯುತ್ತಿದ್ದರು. ಒಬ್ಬ ಡ್ರೈವರ್ ತೆಲುಗಿನಲ್ಲಿ “ಇಂಕೊಂಚೆಂ ವದುಲು ಸ್ವಾಮನ್ನಾ,” ಎಂದು ಇನ್ನೊಂದು ಮೊಳ ಹೆಚ್ಚಿಗೆ ಬಿಡಿಸಿಕೊಳ್ಳುತ್ತಿದ್ದ. ನನ್ನನ್ನು ಕಂಡು ಅವರ ಕೈ ನಿಲ್ಲಲಿಲ್ಲ. ಗಿರಾಕಿ ಹೋದ ಮೇಲೆ, “ಏನಮ್ಮಾ ಪಟ್ವಾರಿ,” ಎಂದರು. ನಗಲಿಲ್ಲ.

ಎರಡೂ ಪುಟ ತೆರೆದು ಮುಂದಿಟ್ಟೆ. ಲಕ್ಕೂರಿನಲ್ಲಿ ಆದದ್ದನ್ನು ಹೇಳಿದೆ. ಅವರು ಹತ್ತೊಂಬತ್ತು ಹೆಸರುಗಳ ಮೇಲೂ ಬೆರಳಾಡಿಸಿದರು.

“ಕನ್ನಡಾನಾ?” ಎಂದರು. ಮತ್ತೆ, “ಕನ್ನಡ ಹಾಕಿದ್ದಕ್ಕಾ?”

“ಹೂಂ ಅಣ್ಣಾ.”

“ನಾನು ಎರಡು ವರ್ಷ ಏನಂದ್ಕೊಂಡಿದ್ದೆ ಗೊತ್ತಾ? ನನ್ನ ಪೆನ್‌ಡ್ರೈವಲ್ಲೇ ಏನೋ ಹುಳ ಇತ್ತೇನೋ, ನನಗೆ ಗೊತ್ತಿಲ್ಲದಂಗೆ ಅಷ್ಟು ಮನೆಗೆ ನಾನೇ ಅಂಟಿಸಿದ್ನೇನೋ ಅಂತ. ಅದಕ್ಕೇ ಅವತ್ತು ಬಾಯಿ ಬಿಡ್ಲಿಲ್ಲ.”

ನಾನು ಸಾಕ್ಷಿ ಎಂದುಕೊಂಡ ಮೌನ ಅದು. ಕ್ಷಮಿಸಿ ಎಂದೆ. ಅವರು ಹಗ್ಗದ ಸುರುಳಿಯನ್ನು ಪಕ್ಕಕ್ಕಿಟ್ಟರು.

“ಟೀಚರಮ್ಮನ ಮನೆಗೆ ಹೋಗಿದ್ಯಾ?”

“ಮೊದಲು ನಿಮ್ಮ ಹತ್ರ ಬಂದೆ.”

“ನನಗೆ ಹೇಳಿ ಏನಮ್ಮಾ ಪ್ರಯೋಜನ? ನಾನು ಕದ್ದಿಲ್ಲ ಅಂತ ನನಗೆ ಗೊತ್ತಿತ್ತಲ್ಲ.” ನೋಟ್‌ಬುಕ್ ಮುಚ್ಚಿ ನನ್ನ ಕಡೆ ತಳ್ಳಿದರು. “ಅವತ್ತು ಯಾವ ಕುರ್ಚೀಲಿ ಕೂತು ಹೇಳ್ದೋ ಅದೇ ಕುರ್ಚೀಲಿ ಕೂತು ಹೇಳು. ಹತ್ತೊಂಬತ್ತು ಕಡೇನೂ.”

ಹದಿನೆಂಟು ಮನೆಗಳ ಲೆಕ್ಕ ಇಲ್ಲಿ ಕೊಡುತ್ತೇನೆ. ನಾಲ್ವರಿಗೆ ಆ ವಿಷಯವೇ ಮರೆತಿತ್ತು. ಒಂಬತ್ತು ಮನೆಯವರು ಅಂದಿನಿಂದ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನೇ ಬಿಟ್ಟಿದ್ದರು. ಮೂವರು, ಆ ಹುಡುಗ ಕಳ್ಳನಂತೆ ಎಂದು ನೆಂಟರಿಗೂ ಹೇಳಿದ್ದರು. ಇಬ್ಬರು ನಾನು ಹೇಳಿದ್ದನ್ನು ಈಗಲೂ ನಂಬಲಿಲ್ಲ. “ಬೆಂಕಿ ಇಲ್ದೆ ಕೆಂಪು ಯಾಕೆ ಬರುತ್ತಮ್ಮಾ?” ಎಂದರು ಒಬ್ಬರು. ಎಲ್ಲ ಕಡೆಯೂ ಮೂರನೆಯದನ್ನು ತೆಗೆದು, ಸ್ವಾಮಣ್ಣ ಮೊದಲು ಬಿಟ್ಟುಹೋಗಿದ್ದ ಹಾಗೆಯೇ ಕಂಪ್ಯೂಟರಿನ ಸ್ವಂತ ರಕ್ಷಣೆ ಚಾಲೂ ಮಾಡಿ, ಕನ್ನಡ ಮರಳಿ ಹಾಕಿ ಬಂದೆ.

ಯಲ್ದೂರನ್ನು ಕೊನೆಗೆ ಉಳಿಸಿಕೊಂಡಿದ್ದೆ. ಹೆದರಿಕೆಯಿಂದ ಎಂದು ಒಪ್ಪಿಕೊಳ್ಳುತ್ತೇನೆ. ಟೀಚರಮ್ಮ ಅದೇ ಕುರ್ಚಿ ಎಳೆದು ಕೊಟ್ಟರು. ಎಲ್ಲ ಹೇಳಿದೆ. ಅವರು ಅಡ್ಡ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೇಳಿದರು:

“ನಾರಾಯಣಸ್ವಾಮಿ ನಿನಗೆ ಬೇರೇನೂ ಹೇಳಲಿಲ್ವಾ?”

“ಇಲ್ಲ ಅಮ್ಮಾ.”

“ನಮ್ಮಣ್ಣನ ಮಗಳಿಗೆ ಅವನನ್ನ ನೋಡಿದ್ವಿ. ನಾನೇ ಮುಂದೆ ನಿಂತು ಮಾತಾಡ್ಸಿದ್ದೆ. ಹುಡುಗಿಗೂ ಇಷ್ಟ ಇತ್ತು. ನೀನು ಬಂದು ಹೋದ ವಾರ ನಾನೇ ಬೇಡ ಅಂತ ಹೇಳಿ ಕಳಿಸ್ದೆ. ಯಾಕೆ ಅಂತ ನಮ್ಮಣ್ಣಂಗೆ ಮಾತ್ರ ಹೇಳ್ದೆ.” ಅವರು ಸೆರಗಿನಿಂದ ಕೀಲಿಮಣೆಯ ಧೂಳು ಒರೆಸಿದರು. “ಹೋದ ವರ್ಷ ಅವಳನ್ನ ಚಿಂತಾಮಣಿಗೆ ಕೊಟ್ವಿ.”

ಬಂದ ಕೆಲಸವಾದರೂ ಮಾಡೋಣವೆಂದು ಕನ್ನಡದ ತಂತ್ರಾಂಶ ಇಳಿಸಿ ತೆರೆದೆ. ಮೂರನೆಯದನ್ನು ಇನ್ನೂ ತೆಗೆದಿರಲಿಲ್ಲ. ಅರ್ಧ ಪರದೆ ಕೆಂಪಾಯಿತು. ಮುಚ್ಚಲು ಹೋದೆ. ಅವರು ನನ್ನ ಕೈ ಹಿಡಿದರು.

“ಇದೇನಾ ಅವತ್ತು ಬಂದದ್ದು?”

“ಇದೇ ಅಮ್ಮಾ.”

“ಓದು. ಅವತ್ತು ಓದ್ದಂಗೇ ಓದು.”

ಓದಿದೆ. ಗೂಢಚಾರ ತಂತ್ರಾಂಶ, ಪ್ರತಿಯೊಂದು ಕೀಲಿ, ಅಪಾಯ ತೀವ್ರ.

“ಅವತ್ತೂ ಇಷ್ಟೇ ಇತ್ತಾ?”

“ಇಷ್ಟೇ.”

ಕನ್ನಡಕ ಹಾಕಿಕೊಂಡು, ಪರದೆಯ ಹತ್ತಿರಕ್ಕೆ ಬಾಗಿ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ನೋಡಿದರು, ಮಕ್ಕಳ ಕಾಪಿ ತಿದ್ದುವವರ ಹಾಗೆ.

“ಇದ್ರಲ್ಲಿ ಅವನ ಹೆಸರೆಲ್ಲಿದೆ?”

“ಇಲ್ಲ ಅಮ್ಮಾ. ಅದು ನಾನು ಹೇಳಿದ್ದು.”

ಅವರು ಬೆರಳು ತೆಗೆದರು. ನಾನು “ಅನುಮತಿಸು” ಒತ್ತಿದೆ. ಕೆಂಪು ಹೋಯಿತು, ಕನ್ನಡ ಬಂತು. ನೋಟ್‌ಬುಕ್ಕಿನಲ್ಲಿ ಆ ಹತ್ತೊಂಬತ್ತನೆಯ ಸಾಲಿನ ಮುಂದೆ, ಉಳಿದ ಹದಿನೆಂಟಕ್ಕೆ ಹಾಕಿದಂತೆ, ‘ಸರಿಯಾಯಿತು’ ಎಂದು ಬರೆಯಲು ಪೆನ್ನು ತೆರೆದೆ. ಆ ಜಾಗ ಈಗಲೂ ಖಾಲಿ ಇದೆ.